ಹ್ಯಾಮ್‌ಸ್ಟರ್‌ ಕೂದಲು ಉದುರುತ್ತಿದೆಯೇ? ನಾಯಿಯ ಔಷಧ, ಕುರಿಯ ಇಂಜೆಕ್ಷನ್ ಹಾಕುವ ಮೊದಲು ಇದನ್ನು ಓದಿ

ಗಂಗಾವತಿಯ ಓದುಗರೊಬ್ಬರು ನಮಗೆ ಎರಡು ಫೋಟೋ ಕಳಿಸಿದ್ದರು. ಒಂದರಲ್ಲಿ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಬೂದು ಬಣ್ಣದ ಹ್ಯಾಮ್‌ಸ್ಟರ್. ಅದರ ಸೊಂಟದ ಹತ್ತಿರ ಹಳೆಯ ನಾಲ್ಕಾಣೆ ನಾಣ್ಯದಷ್ಟು ಜಾಗದಲ್ಲಿ ಕೂದಲಿಲ್ಲ, ಚರ್ಮ ಹೊಟ್ಟು ಹೊಟ್ಟಾಗಿ ಏಳುತ್ತಿದೆ. ಇನ್ನೊಂದರಲ್ಲಿ ಅವರ ಮಗಳ ಮುಂಗೈ. ಅಲ್ಲೊಂದು ಕೆಂಪು ಉಂಗುರ. ಜೊತೆಗೆ ಅವರ ಗ್ರೂಪಿಗೆ ಬಂದ ಫಾರ್ವರ್ಡ್: ಬೇವಿನೆಣ್ಣೆಗೆ ಗಂಧಕ, ಕರ್ಪೂರ ಕಲಸಿ ಮೂರು ದಿನ ಹಚ್ಚಿದರೆ ಯಾವ ಪ್ರಾಣಿಯ ಕಜ್ಜಿಯಾದರೂ ಮಾಯ, ಉದುರಿದ ಕೂದಲು ವಾಪಸ್. ಕೊನೆಗೆ ಅವರ ಪ್ರಶ್ನೆ: "ಇದನ್ನ ಹಚ್ಚಬಹುದಾ? ಮನೆಯಲ್ಲಿ ಅವ್ವ, ಇಲಿಗೆಲ್ಲ ದವಾಖಾನಿ ಯಾಕ ಅಂತಾರ."

ಹಚ್ಚಬಾರದು. ಇದು ಚಿಕ್ಕ ಉತ್ತರ. ಆದರೆ ಆ ಫಾರ್ವರ್ಡ್ ಪೂರ್ತಿ ಸುಳ್ಳೂ ಅಲ್ಲ. ಅರ್ಧ ನಿಜ ಇರುವುದರಿಂದಲೇ ಅದು ಹೆಚ್ಚು ಅಪಾಯಕಾರಿ. ಆ ಎರಡು ಫೋಟೋಗಳನ್ನು ಒಟ್ಟಿಗೆ ನೋಡಿದಾಗ ನಮಗೆ ಅನಿಸಿದ್ದೇ ಬೇರೆ. ಅದಕ್ಕೆ ಆಮೇಲೆ ಬರುತ್ತೇವೆ.

ಮೊದಲು ಈ ಪ್ರಾಣಿಯ ಪರಿಚಯ. ಸಾಕುಪ್ರಾಣಿ ಅಂಗಡಿಗಳಲ್ಲಿ ಕುಳ್ಳ ಹ್ಯಾಮ್‌ಸ್ಟರ್ ಎಂದು ಸಿಗುವುದು ಹೆಚ್ಚಾಗಿ ಮೂರು ಬಗೆ: ಕ್ಯಾಂಪ್‌ಬೆಲ್, ವಿಂಟರ್ ವೈಟ್, ರೊಬೊರೊವ್‌ಸ್ಕಿ. ಮೂಲ ಊರು ಮಂಗೋಲಿಯಾ, ಸೈಬೀರಿಯಾ, ಉತ್ತರ ಚೀನಾದ ಒಣ ಬಯಲು. ತೂಕ 20ರಿಂದ 50 ಗ್ರಾಂ. ಆಯಸ್ಸು ಒಂದೂವರೆಯಿಂದ ಎರಡು ವರ್ಷ, ರೊಬೊರೊವ್‌ಸ್ಕಿಯಾದರೆ ಮೂರರ ತನಕ. ಈ ತೂಕವನ್ನು ನೆನಪಿಡಿ. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಕುರಿಗೆ ಕೊಟ್ಟದ್ದು ಇದಕ್ಕೂ ಆಗುತ್ತದೆಯೇ?

ಕೊಪ್ಪಳ ಜಿಲ್ಲೆಯಲ್ಲಿ ಪ್ರಾಣಿಯ ಕೂದಲು ಉದುರುವುದು ಯಾರಿಗೂ ಹೊಸ ಸಂಗತಿಯಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಕುರಿ ಕಾಯುವವರಿಗೆ ಕಜ್ಜಿ ಹತ್ತಿದ ಕುರಿಯನ್ನು ದೂರದಿಂದಲೇ ಗುರುತಿಸುವುದು ಗೊತ್ತು. ಅದು ಗೋಡೆಗೆ, ಬೇಲಿಗೆ ಮೈ ಉಜ್ಜುತ್ತದೆ, ಉಣ್ಣೆ ಕಿತ್ತು ಬರುತ್ತದೆ. ಅದಕ್ಕೆ ಹಾಕಿಸುವ ಐವರ್ಮೆಕ್ಟಿನ್ ಇಂಜೆಕ್ಷನ್ ಕೂಡ ಗೊತ್ತು. ಹಾಗಾಗಿ ಮನೆಯ ಹ್ಯಾಮ್‌ಸ್ಟರ್‌ ಕೂದಲು ಉದುರಿದಾಗ "ಕುರಿ ಔಷಧದಾಗ ಒಂದು ಹನಿ ಬಾಯಿಗೆ ಹಾಕ್ರಿ" ಎಂಬ ಸಲಹೆ ಬರುವುದು ಸಹಜ.

ತಮಾಷೆಯೆಂದರೆ ಔಷಧದ ಹೆಸರು ತಪ್ಪಲ್ಲ. ಚರ್ಮದ ನುಸಿಗಳಿಂದ ಕೂದಲು ಉದುರುತ್ತಿದ್ದರೆ ಪಶುವೈದ್ಯರು ಹ್ಯಾಮ್‌ಸ್ಟರ್‌ಗೂ ಐವರ್ಮೆಕ್ಟಿನ್ ಕೊಡುತ್ತಾರೆ. (ಈ ಔಷಧಕ್ಕೆ ದಾರಿ ಮಾಡಿದ ಸಂಶೋಧನೆಗೆ 2015ರಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಒಮುರಾ ಅವರಿಗೆ ನೊಬೆಲ್ ಬಂತು. ಕ್ಯಾಂಪ್‌ಬೆಲ್ ಹ್ಯಾಮ್‌ಸ್ಟರ್‌ಗೆ ಹೆಸರು ಕೊಟ್ಟ ಕ್ಯಾಂಪ್‌ಬೆಲ್ ಬೇರೆ. 1905ರಲ್ಲಿ ಆ ಪ್ರಾಣಿಗೆ ಹೆಸರಿಡುವಾಗ ಮಂಗೋಲಿಯಾದಿಂದ ಅದನ್ನು ತಂದವರ ಹೆಸರು ಇಟ್ಟರು.) ತೊಂದರೆ ಇರುವುದು ಲೆಕ್ಕದಲ್ಲಿ.

ಕುರಿಗೆ ಹಾಕುವ ಶೇ. 1ರ ಇಂಜೆಕ್ಷನ್ನಿನಲ್ಲಿ ಪ್ರತಿ ಮಿಲಿಲೀಟರಿಗೆ 10 ಮಿಲಿಗ್ರಾಂ ಔಷಧ ಇರುತ್ತದೆ. ಹ್ಯಾಮ್‌ಸ್ಟರ್‌ಗೆ ವೈದ್ಯರು ಲೆಕ್ಕ ಹಾಕುವುದು ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ 0.2ರಿಂದ 0.4 ಮಿಲಿಗ್ರಾಂ. 40 ಗ್ರಾಂ ಪ್ರಾಣಿಗೆ ಅದು 0.008ರಿಂದ 0.016 ಮಿಲಿಗ್ರಾಂ. ಒಂದು ಹನಿ ಎಂದರೆ ಸುಮಾರು 0.05 ಮಿಲಿಲೀಟರ್, ಅಂದರೆ ಅದರಲ್ಲಿ 0.5 ಮಿಲಿಗ್ರಾಂ. ಭಾಗಿಸಿ ನೋಡಿ: "ಒಂದೇ ಹನಿ" ಎಂದು ಹಾಕಿದ್ದು 30ರಿಂದ 60 ಪಟ್ಟು ಹೆಚ್ಚಾಯಿತು. ಪ್ರಮಾಣ ಮೀರಿದರೆ ಈ ಔಷಧ ನರಗಳಿಗೆ ಹೊಡೆತ ಕೊಡುತ್ತದೆ. ಪ್ರಾಣಿ ತೂರಾಡುತ್ತದೆ, ನಡುಗುತ್ತದೆ, ಮಂಕಾಗಿ ಮಲಗುತ್ತದೆ, ಸಾಯಲೂಬಹುದು. ವೈದ್ಯರು ಇದನ್ನು ಹಲವು ಪಟ್ಟು ತೆಳುಮಾಡಿ, ತೂಕ ನೋಡಿ ಕೊಡುತ್ತಾರೆ. ಮನೆಯಲ್ಲಿ ಕಣ್ಣಳತೆಯಿಂದ ಆಗುವ ಕೆಲಸ ಇದಲ್ಲ.

ನಾಯಿಯ ಉಣ್ಣಿಗೆ ಹಾಕುವ ಹನಿ, ಸ್ಪ್ರೇ, ಅಮಿಟ್ರಾಜ್ ದ್ರಾವಣ ಇವುಗಳ ಕಥೆಯೂ ಇದೇ. ಹತ್ತಿಪ್ಪತ್ತು ಕಿಲೋ ನಾಯಿಯ ಅಳತೆಗೆ ಮಾಡಿದ್ದನ್ನು ನಲವತ್ತು ಗ್ರಾಂ ಜೀವಕ್ಕೆ ಸುರಿಯಬೇಡಿ.

ಈಗ ಬೇವಿನೆಣ್ಣೆ, ಗಂಧಕ, ಕರ್ಪೂರ. ಗಂಧಕ ನುಸಿಗಳನ್ನು ಕೊಲ್ಲುವುದು ನಿಜ. ಮನುಷ್ಯರ ಕಜ್ಜಿಗೂ ಗಂಧಕದ ಮುಲಾಮು ಬಹಳ ಕಾಲದಿಂದ ಬಳಕೆಯಲ್ಲಿದೆ. ಆದರೆ ಹ್ಯಾಮ್‌ಸ್ಟರ್ ಎಚ್ಚರವಿರುವಾಗ ಬಹಳ ಹೊತ್ತು ತನ್ನ ಮೈಯನ್ನು ತಾನೇ ನೆಕ್ಕಿ ಬಾಚಿಕೊಳ್ಳುವ ಪ್ರಾಣಿ. ಅದರ ಮೈಗೆ ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ. ಕರ್ಪೂರ ಹೊಟ್ಟೆಗೆ ಹೋದರೆ ವಿಷ. ಚಿಕ್ಕ ಮಕ್ಕಳಿಗೇ ಸ್ವಲ್ಪ ಕರ್ಪೂರದಿಂದ ಫಿಟ್ಸ್ ಬರುತ್ತದೆ. ಎಣ್ಣೆ ಮೆತ್ತಿದ ಕೂದಲು ಅಂಟಿಕೊಂಡು ಮೈಯ ಬಿಸಿ ಕಾಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಸಿಗೆಯ ಧೂಳು ಹಿಡಿದು ಇನ್ನಷ್ಟು ಕೆರೆತವಾಗುತ್ತದೆ. ಬೀದಿನಾಯಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯುವುದನ್ನು ನೋಡಿದ್ದೀರಿ. ಅದು ನಾಯಿಗೂ ವಿಷವೇ. ಸೀಮೆಎಣ್ಣೆ, ಡೆಟಾಲ್, ಫಿನೈಲ್ ಸಹ ಬೇಡ. ಗೂಡಿನ ಮೂಲೆಯಲ್ಲಿ ನುಸಿಗುಳಿಗೆ ಇಡುವುದೂ ಬೇಡ.

ಕೂದಲು ಎಲ್ಲಿ ಹೋಗಿದೆ ನೋಡಿ

ವೈದ್ಯರ ಬಳಿ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಕೆಲಸ ಒಂದಿದೆ. ಪ್ರಾಣಿಯನ್ನು ಪಾರದರ್ಶಕ ಡಬ್ಬಿಯಲ್ಲಿ ಬಿಟ್ಟು ಮೇಲಿನಿಂದ, ಬದಿಯಿಂದ, ಕೆಳಗಿನಿಂದ ನೋಡಿ. ಕೂದಲು ಹೋಗಿರುವ ಜಾಗ ಬಹಳಷ್ಟು ಹೇಳುತ್ತದೆ.

ಹೊಟ್ಟೆಯ ನಡುವೆ, ಹೊಕ್ಕುಳ ಇರಬೇಕಾದ ಕಡೆ, ಹಳದಿ ಬಣ್ಣದ ಸಣ್ಣ ಬೋಳು ಚುಕ್ಕೆ ಇದೆಯೇ? ಅದು ರೋಗವಲ್ಲ, ವಾಸನೆಯ ಗ್ರಂಥಿ. ಕುಳ್ಳ ಹ್ಯಾಮ್‌ಸ್ಟರ್‌ಗಳು ಅದನ್ನು ನೆಲಕ್ಕೆ ಉಜ್ಜಿ ತಮ್ಮ ಜಾಗದ ಗುರುತು ಹಾಕುತ್ತವೆ. ಗಂಡುಗಳಲ್ಲಿ ಇನ್ನೂ ಎದ್ದು ಕಾಣುತ್ತದೆ. ಇದನ್ನು ಗಾಯವೆಂದೋ ಕೀವೆಂದೋ ತಿಳಿದು ಅರಿಶಿನ ತುಂಬಿದವರಿದ್ದಾರೆ. ಅಲ್ಲಿ ಊತ, ರಕ್ತ, ಕೆಟ್ಟ ವಾಸನೆ ಇದ್ದರೆ ಮಾತ್ರ ತೋರಿಸಿ.

ಮೂಗಿನ ಮೇಲೆ ಮಾತ್ರ ಬೋಳಾಗಿದ್ದರೆ ಪಂಜರದ ಕಂಬಿಯನ್ನು ಅನುಮಾನಿಸಿ. ಜಾಗ ಸಾಲದ ಹ್ಯಾಮ್‌ಸ್ಟರ್ ರಾತ್ರಿಯಿಡೀ ಕಂಬಿ ಕಚ್ಚುತ್ತದೆ, ಮೂಗು ತಿಕ್ಕುತ್ತದೆ. ಅಂಗೈಯಗಲದ ಬಣ್ಣದ ಪಂಜರಗಳಲ್ಲಿ ಇದು ಸಾಮಾನ್ಯ. ಇದಕ್ಕೆ ಮದ್ದು ಔಷಧದಂಗಡಿಯಲ್ಲಿಲ್ಲ. ದೊಡ್ಡ ಡಬ್ಬಿ, ದಪ್ಪ ಹಾಸು, ಬೆನ್ನು ಬಾಗದಷ್ಟು ಅಗಲದ ಚಕ್ರ ಬೇಕು.

ಜೋಡಿಯಾಗಿ ತಂದಿದ್ದೀರಾ? ಅಂಗಡಿಯವರು ಜೋಡಿಯಾಗಿಯೇ ಕೊಡುವುದು ಹೆಚ್ಚು. ಒಂದು ಇನ್ನೊಂದರ ಕೂದಲನ್ನು ಕತ್ತರಿಸಿದಂತೆ ಕಚ್ಚಿ ತೆಗೆಯುತ್ತಿರಬಹುದು. ಒಂದರ ಮೈ ತುಂಬಾ ಕೂದಲು, ಇನ್ನೊಂದರ ಬೆನ್ನು ಬೋಳು, ಅಲ್ಲಲ್ಲಿ ಸಣ್ಣ ಗಾಯ ಕಂಡರೆ ಇವತ್ತೇ ಬೇರೆ ಬೇರೆ ಡಬ್ಬಿಗೆ ಹಾಕಿ. ಅದರಲ್ಲೊಂದು ಹೆಣ್ಣಾಗಿದ್ದು ಗೂಡು ಕಟ್ಟುತ್ತಿದ್ದರೆ, ಮರಿಗಳು ಬರಲಿರಬಹುದು.

ಸೊಂಟ, ಬೆನ್ನಿನ ಕೆಳಭಾಗದಲ್ಲಿ ಕೂದಲು ತೆಳುವಾಗಿ, ಒಣ ಹೊಟ್ಟು ಏಳುತ್ತ, ಆದರೆ ಹೆಚ್ಚು ಕೆರೆದುಕೊಳ್ಳದೆ ಇದ್ದರೆ ಡೆಮೊಡೆಕ್ಸ್ ಎಂಬ ನುಸಿ ಇರಬಹುದು. ಇದು ಆರೋಗ್ಯವಂತ ಹ್ಯಾಮ್‌ಸ್ಟರ್‌ ಚರ್ಮದಲ್ಲೂ ಸುಮ್ಮನೆ ಬದುಕಿರುತ್ತದೆ. ಪ್ರಾಣಿಗೆ ವಯಸ್ಸಾದಾಗ, ಒಳಗೆ ಬೇರೆ ಕಾಯಿಲೆ ಇದ್ದಾಗ, ಒತ್ತಡದಲ್ಲಿದ್ದಾಗ ಲೆಕ್ಕ ತಪ್ಪಿ ಹೆಚ್ಚುತ್ತದೆ. ಮನುಷ್ಯರಿಗೆ ಹತ್ತುವುದಿಲ್ಲ. ಹಾಗಾಗಿ ವೈದ್ಯರು ನುಸಿ ಕಂಡ ಮೇಲೂ "ಇದು ಯಾಕೆ ಹೆಚ್ಚಿತು" ಎಂದು ಹುಡುಕುತ್ತಾರೆ. ಇದಕ್ಕೆ ವಿರುದ್ಧವಾಗಿ ಕಿವಿ, ಮೂಗು, ಪಾದಗಳಲ್ಲಿ ಹಕ್ಕಳೆ ಕಟ್ಟಿ, ಪ್ರಾಣಿ ನಿದ್ದೆಗೆಟ್ಟು ಕೆರೆದುಕೊಳ್ಳುತ್ತಿದ್ದರೆ ಅದು ಬೇರೆ ಜಾತಿಯ ಕಜ್ಜಿ ನುಸಿ. ಅದು ಪಕ್ಕದ ಪ್ರಾಣಿಗೆ ಹರಡುತ್ತದೆ.

ಎರಡೂ ಬದಿಯಲ್ಲಿ ಸಮನಾಗಿ ಕೂದಲು ಹೋಗಿ, ಚರ್ಮ ತೆಳ್ಳಗಾಗಿ, ನೀರು ಮೊದಲಿಗಿಂತ ಬಹಳ ಕುಡಿಯುತ್ತಿದ್ದರೆ ಹಾರ್ಮೋನಿನ ತೊಂದರೆ ಇರಬಹುದು. ಕ್ಯಾಂಪ್‌ಬೆಲ್ ಜಾತಿಗೆ ಸಕ್ಕರೆ ಕಾಯಿಲೆಯ ಒಲವೂ ಇದೆ, ಅದರಲ್ಲೂ ನೀರು ಕುಡಿಯುವುದು, ಮೂತ್ರ ಹೆಚ್ಚುವುದು ಕಾಣುತ್ತದೆ. ಎರಡು ವರ್ಷದ ಹತ್ತಿರದ ಮುದಿ ಪ್ರಾಣಿಯಲ್ಲಿ ಚರ್ಮದ ಕ್ಯಾನ್ಸರ್ ಕೂಡ ಹೀಗೆಯೇ ಕೂದಲು ಉದುರುವುದರಿಂದ ಶುರುವಾಗಬಹುದು. ಇಂಥ ಕಡೆ ಎಣ್ಣೆ ತಿಕ್ಕುತ್ತ ಕಳೆದ ಎರಡು ವಾರ ಆ ಪ್ರಾಣಿಯ ಬಾಳಿನಲ್ಲಿ ದೊಡ್ಡ ಪಾಲು.

ಉಂಗುರದ ಕಥೆ

ಗುಂಡಗೆ ಬೋಳು, ಅಂಚಿನಲ್ಲಿ ಹೊಟ್ಟು, ಮುರಿದ ಕೂದಲ ಬುಡಗಳು, ಮತ್ತು ಅದೇ ಮನೆಯ ಮಗುವಿನ ಕೈಯಲ್ಲಿ ಕೆಂಪು ಉಂಗುರ. ಗಂಗಾವತಿಯ ಫೋಟೋ ನೋಡಿ ನಮಗೆ ಮೊದಲು ಹೊಳೆದದ್ದು ಹುಳಕಡ್ಡಿ. ಗಜಕರ್ಣ ಎಂದೂ ಕರೆಯುತ್ತಾರೆ. ಹೆಸರಿನಲ್ಲಿ ಹುಳ ಇದ್ದರೂ ಇದು ಹುಳವಲ್ಲ, ಶಿಲೀಂಧ್ರ. ಇಲಿ, ಗಿನಿಪಿಗ್, ಮೊಲ, ಹ್ಯಾಮ್‌ಸ್ಟರ್‌ಗಳಲ್ಲಿ ಟ್ರೈಕೊಫೈಟಾನ್ ಎಂಬ ಶಿಲೀಂಧ್ರ ಇರಬಹುದು. ಕೆಲವೊಮ್ಮೆ ಪ್ರಾಣಿಯ ಮೈಮೇಲೆ ಏನೂ ಕಾಣದೆಯೂ ಅದು ಮನುಷ್ಯರಿಗೆ ದಾಟುತ್ತದೆ. ಮನುಷ್ಯರಿಂದ ಪ್ರಾಣಿಗೂ ದಾಟಬಹುದು.

ಆ ತಂದೆಗೆ ನಾವು ಕೇಳಿದ ಮೊದಲ ಪ್ರಶ್ನೆ: ಮಗಳ ಕೈಗೆ ಏನಾದರೂ ಹಚ್ಚಿದ್ದೀರಾ? ಹೌದು ಎಂದರು. ಔಷಧದಂಗಡಿಯಲ್ಲಿ ಚೀಟಿ ಇಲ್ಲದೆ ಸಿಕ್ಕ ಟ್ಯೂಬು, ಹತ್ತು ದಿನದಿಂದ. ಮೊದಲ ಮೂರು ದಿನ ತುರಿಕೆ ಪೂರ್ತಿ ನಿಂತಿತ್ತು, ಆಮೇಲೆ ಉಂಗುರ ಅಗಲವಾಯಿತು. ಟ್ಯೂಬಿನ ಫೋಟೋದಲ್ಲಿ ನೋಡಿದರೆ ಶಿಲೀಂಧ್ರದ ಔಷಧದ ಜೊತೆ ಬಲವಾದ ಸ್ಟೀರಾಯ್ಡ್ ಮತ್ತು ಆ್ಯಂಟಿಬಯಾಟಿಕ್ ಸೇರಿತ್ತು.

ಇದು ಭಾರತದ ಚರ್ಮವೈದ್ಯರು ವರ್ಷಗಳಿಂದ ಕೂಗಿ ಹೇಳುತ್ತಿರುವ ವಿಷಯ. ಸ್ಟೀರಾಯ್ಡ್ ಕೆಂಪು ಮತ್ತು ತುರಿಕೆಯನ್ನು ಅಡಗಿಸುತ್ತದೆ. ವಾಸಿಯಾಯಿತು ಅನಿಸುತ್ತದೆ. ಆದರೆ ಚರ್ಮದ ರಕ್ಷಣೆಯನ್ನು ಕುಗ್ಗಿಸಿ ಶಿಲೀಂಧ್ರಕ್ಕೆ ಹಾದಿ ಬಿಡುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹುಳಕಡ್ಡಿ ಹಟಮಾರಿಯಾಗಿ, ಮಾಮೂಲಿ ಮಾತ್ರೆಗೂ ಬಗ್ಗದಂತೆ ಆಗಿರುವುದಕ್ಕೆ ಇಂಥ ಮಿಶ್ರ ಮುಲಾಮುಗಳ ದುರ್ಬಳಕೆಯೂ ಒಂದು ಕಾರಣವೆಂದು ವೈದ್ಯರು ಹೇಳುತ್ತಾರೆ. ಭಾರತದ ಹೆಸರನ್ನೇ ಹೊತ್ತ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಶಿಲೀಂಧ್ರ ಈಗ ಹೊರದೇಶಗಳಲ್ಲೂ ಕಾಣಿಸಿಕೊಂಡಿದೆ. ಅದು ಹೆಚ್ಚಾಗಿ ಮನುಷ್ಯರಿಂದ ಮನುಷ್ಯರಿಗೆ ಹರಡುವಂಥದ್ದು. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಹುಳಕಡ್ಡಿ ಬಂದರೆ ಹ್ಯಾಮ್‌ಸ್ಟರ್‌ ಮೇಲೆಯೇ ಎಲ್ಲ ತಪ್ಪು ಹಾಕುವುದೂ ಸರಿಯಲ್ಲ. ಒಂದೇ ಟವೆಲ್, ಒಂದೇ ಹಾಸಿಗೆ, ಬೆವರಿದ ಬಿಗಿ ಬಟ್ಟೆಯೂ ಕಾರಣ ಇರಬಹುದು.

ಅದೇ ಟ್ಯೂಬನ್ನು ಅವರು ಹ್ಯಾಮ್‌ಸ್ಟರ್‌ಗೂ ಎರಡು ಸಲ ಹಚ್ಚಿದ್ದರು. ಅಂಥದ್ದನ್ನು ಆ ಗಾತ್ರದ ಪ್ರಾಣಿ ನೆಕ್ಕಿದರೆ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಒಳಗೆ ಹೋದಂತೆಯೇ.

ಪಶುವೈದ್ಯರು ಮಾಡುವ ಪರೀಕ್ಷೆ ಸರಳ. ಚರ್ಮದ ಮೇಲ್ಪದರವನ್ನು ಮೆಲ್ಲಗೆ ಕೆರೆದು, ಅಂಚಿನ ಕೂದಲು ನಾಲ್ಕು ಕಿತ್ತು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನುಸಿ ಇದ್ದರೆ ಅಲ್ಲೇ ಕಾಣಬಹುದು. ಶಿಲೀಂಧ್ರವನ್ನು ಬೆಳೆಸಿ ನೋಡಲು ಎರಡು ಮೂರು ವಾರ ಹಿಡಿಯಬಹುದು. ನೀಲಿ ದೀಪದ ಕೆಳಗೆ ಹೊಳೆದರೆ ಮಾತ್ರ ಹುಳಕಡ್ಡಿ ಎಂಬ ಮಾತು ಕೇಳಿರಬಹುದು. ಬೆಕ್ಕು ನಾಯಿಗಳಿಗೆ ಬರುವ ಒಂದು ಜಾತಿ ಹಾಗೆ ಹೊಳೆಯುತ್ತದೆ, ಹ್ಯಾಮ್‌ಸ್ಟರ್‌ಗೆ ಬರುವ ಟ್ರೈಕೊಫೈಟಾನ್ ಹೊಳೆಯುವುದಿಲ್ಲ. ಹೊಳೆಯಲಿಲ್ಲ ಎಂದು ನಿಶ್ಚಿಂತರಾಗಬೇಡಿ.

ಫಲಿತಾಂಶ ಬರುವ ತನಕ ಮಾಡಬೇಕಾದ್ದು ಇಷ್ಟು. ಕೈಗವಸು ಹಾಕಿಕೊಂಡೇ ಮುಟ್ಟಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಸದ್ಯಕ್ಕೆ ಮುಟ್ಟದಿರಲಿ. ಹಳೆಯ ಹಾಸನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ, ಅಂಗಳದಲ್ಲಿ ಕೊಡವಬೇಡಿ. ಮರದ ಆಟಿಕೆಗಳನ್ನು ಬಿಸಾಡಿ. ಪ್ಲಾಸ್ಟಿಕ್ ಡಬ್ಬಿಯನ್ನು ಸೋಪಿನಿಂದ ತೊಳೆದು, ತೆಳು ಬ್ಲೀಚಿಂಗ್ ದ್ರಾವಣದಲ್ಲಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ. ಪ್ರಾಣಿ ಆಗ ಬೇರೆ ಡಬ್ಬಿಯಲ್ಲಿರಲಿ. ಬ್ಲೀಚ್ ವಾಸನೆ ಪೂರ್ತಿ ಹೋಗುವ ತನಕ ವಾಪಸ್ ಬಿಡಬೇಡಿ. ಮಗುವಿನ ಕೈಯನ್ನು ಚರ್ಮವೈದ್ಯರಿಗೆ ತೋರಿಸಿ, ಮನೆಯಲ್ಲಿ ಹ್ಯಾಮ್‌ಸ್ಟರ್ ಇರುವುದನ್ನು ಮರೆಯದೆ ಹೇಳಿ.

ಹಾಸು, ಆಹಾರ, ಬಿಸಿಲು

ಗಂಗಾವತಿ ಭತ್ತದ ಕಣಜ. ತುಂಗಭದ್ರಾ ಕಾಲುವೆಯ ನೀರು, ಅಕ್ಕಿ ಗಿರಣಿಗಳು, ಗಿರಣಿಯ ಹಿಂದೆ ಗುಡ್ಡದಂತೆ ಭತ್ತದ ಹೊಟ್ಟು. ಕೋಳಿ ಫಾರಂನಲ್ಲಿ ಅದನ್ನೇ ಹಾಸುತ್ತಾರೆ, ಹಾಗಾಗಿ ಹ್ಯಾಮ್‌ಸ್ಟರ್‌ಗೂ ಹಾಕಿದವರಿದ್ದಾರೆ. ನಮ್ಮ ಸಲಹೆ: ಬೇಡ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚು, ಅಂಚು ಒರಟು, ಗಿರಣಿಯ ಧೂಳು ಅದರೊಳಗೇ ಇರುತ್ತದೆ. ಕೋಳಿ ಅದರ ಮೇಲೆ ನಡೆದಾಡುತ್ತದೆ. ಹ್ಯಾಮ್‌ಸ್ಟರ್ ಅದರೊಳಗೆ ಬಿಲ ತೋಡಿ ಮುಖ ಹುದುಗಿಸಿ ಮಲಗುತ್ತದೆ. ಕಣ್ಣು, ಮೂಗು, ಹೊಟ್ಟೆಯ ತೆಳು ಚರ್ಮ ಉರಿಯುತ್ತದೆ. ಬಡಗಿಯ ಅಂಗಡಿಯ ಹೊಟ್ಟಿನಲ್ಲಿ ಪ್ಲೈವುಡ್ ಅಂಟು, ಪಾಲಿಶ್ ಬೆರೆತಿರುತ್ತದೆ. ಘಮ್ಮೆನ್ನುವ ದೇವದಾರು, ಪೈನ್ ಮರದ ಹೊಟ್ಟೂ ಚರ್ಮಕ್ಕೆ, ಉಸಿರಿಗೆ ಒಳ್ಳೆಯದಲ್ಲ. ಶಾಯಿಯಿಲ್ಲದ ಬಿಳಿ ಕಾಗದ, ವಾಸನೆಯಿಲ್ಲದ ಟಿಶ್ಯೂ ಹರಿದು ದಪ್ಪಗೆ ಹಾಸಿದರೆ ಖರ್ಚೂ ಕಡಿಮೆ.

ಆಹಾರದ ವಿಷಯದಲ್ಲಿ ಕೊಪ್ಪಳದವರು ಅದೃಷ್ಟವಂತರು. ಅಂಗಡಿಯವರು ಸೂರ್ಯಕಾಂತಿ ಬೀಜದ ಪೊಟ್ಟಣ ಕೊಟ್ಟು ಕಳಿಸುತ್ತಾರೆ. ಪ್ರಾಣಿಗೆ ಅದು ಇಷ್ಟ, ಹಾಗಾಗಿ ಅದನ್ನೇ ತಿನ್ನಿಸುತ್ತಾರೆ. ಕೊಬ್ಬು ಹೆಚ್ಚಿ, ಬೇರೆ ಪೋಷಕಾಂಶ ಸಿಗದೆ, ತುಪ್ಪಳ ಮಂಕಾಗಿ ತೆಳುವಾಗುತ್ತದೆ. ಪ್ರೋಟೀನ್ ಕೊರತೆಯಿಂದ ಕೂದಲು ಉದುರುವುದು ಹ್ಯಾಮ್‌ಸ್ಟರ್‌ಗಳಲ್ಲಿ ತಿಳಿದಿರುವ ಸಂಗತಿ. ಯಲಬುರ್ಗಾ, ಕುಷ್ಟಗಿಯ ಸಂತೆಯಲ್ಲಿ ಸಿಗುವ ನವಣಿ, ಸಜ್ಜಿ, ಜೋಳ ಒಳ್ಳೆಯ ಬುನಾದಿ. ಅದರ ಜೊತೆ ವಾರಕ್ಕೆರಡು ಸಲ ಬೆರಳುಗುರಿನಷ್ಟು ಬೇಯಿಸಿದ ಮೊಟ್ಟೆಯ ಬಿಳಿಭಾಗ, ಸ್ವಲ್ಪ ಸೌತೆಕಾಯಿ. ಸಾಧ್ಯವಿದ್ದರೆ ಹ್ಯಾಮ್‌ಸ್ಟರ್‌ಗೆಂದೇ ಮಾಡಿದ ಗುಳಿಗೆ ಆಹಾರವೂ ಇರಲಿ. ಸೂರ್ಯಕಾಂತಿ ದಿನಕ್ಕೆ ಒಂದೆರಡು ಕಾಳು. ದಾಳಿಂಬೆ, ದ್ರಾಕ್ಷಿ, ಮಾವು ನಮ್ಮಲ್ಲಿ ಧಾರಾಳ, ಆದರೆ ಸಿಹಿ ಹಣ್ಣು ಈ ಪ್ರಾಣಿಗೆ ಬೇಡ. ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಖಾರದ ಮಂಡಕ್ಕಿ ಮಿರ್ಚಿ ಅಂತೂ ಬೇಡವೇ ಬೇಡ.

ಬೇಸಿಗೆಯಲ್ಲಿ ಕೂದಲು ಉದುರಿದರೆ "ಸೆಕೆಗೆ ಒಳ್ಳೆಯದೇ ಆಯಿತು" ಎನ್ನುವವರಿದ್ದಾರೆ. ಕಾಲ ಬದಲಾದಾಗ ಮೈಯೆಲ್ಲ ಸಮನಾಗಿ ಸ್ವಲ್ಪ ಕೂದಲು ಬದಲಾಗುವುದು ಸಹಜ. ವಿಂಟರ್ ವೈಟ್ ಜಾತಿ ಹಗಲು ಚಿಕ್ಕದಾದಾಗ ಬಿಳಿಯಾಗಲೂಬಹುದು. ಆದರೆ ಚರ್ಮ ಕಾಣುವಷ್ಟು ಬೋಳಾಗುವುದು ಸಹಜವಲ್ಲ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲು ಚಳಿದೇಶದ ಈ ಜೀವಕ್ಕೆ ಪ್ರಾಣಾಂತಿಕ. ಅದು ಮನುಷ್ಯರಂತೆ ಬೆವರುವುದಿಲ್ಲ. ಸೆಕೆಯೆಂದು ಸ್ನಾನ ಮಾಡಿಸಬೇಡಿ. ನೀರು ಮೈಯ ಎಣ್ಣೆಯಂಶ ತೆಗೆದು, ಪ್ರಾಣಿಯನ್ನು ಭಯಕ್ಕೂ ಚಳಿಗೂ ದೂಡುತ್ತದೆ. ಬಟ್ಟಲಲ್ಲಿ ತೊಳೆದು ಒಣಗಿಸಿದ ಮರಳು ಇಟ್ಟರೆ ತಾನೇ ಹೊರಳಿ ಮೈ ಶುದ್ಧ ಮಾಡಿಕೊಳ್ಳುತ್ತದೆ. ಟಾಲ್ಕಂ ಪೌಡರ್ ಮರಳಲ್ಲ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಡಬ್ಬಿಯನ್ನು ಮನೆಯ ತಂಪು ಕೋಣೆಯ ನೆಲದ ಮೇಲಿಡಿ. ಶೀಟಿನ ಮನೆಯಾದರೆ ಮಧ್ಯಾಹ್ನ ಡಬ್ಬಿಯ ಹೊರಗೆ ಒದ್ದೆ ಬಟ್ಟೆ ಸುತ್ತಿ, ಒಳಗೊಂದು ಮಣ್ಣಿನ ಕುಡಿಕೆ ಅಡ್ಡಲಾಗಿ ಇಡಿ.

ಎಲ್ಲಿಗೆ ಒಯ್ಯುವುದು?

ತಾಲ್ಲೂಕು ಪಶು ಆಸ್ಪತ್ರೆಗೆ ಹ್ಯಾಮ್‌ಸ್ಟರ್ ಒಯ್ಯಲು ಹಲವರಿಗೆ ಸಂಕೋಚ. ಎಮ್ಮೆ, ಎತ್ತು, ಕುರಿಗಳ ಸಾಲಿನಲ್ಲಿ ಅಂಗೈಯಷ್ಟು ಡಬ್ಬಿ ಹಿಡಿದು ನಿಲ್ಲಬೇಕು, ನಿಜ. ಆದರೂ ಚರ್ಮ ಕೆರೆದು ನೋಡುವ ಪರೀಕ್ಷೆ ಎಲ್ಲ ಪ್ರಾಣಿಗೂ ಒಂದೇ. ಅಲ್ಲಿ ಆಗದಿದ್ದರೆ ಕೊಪ್ಪಳದಿಂದ ರೈಲಿನ ದಾರಿಯಲ್ಲೇ ಇರುವ ಗದಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಹುಬ್ಬಳ್ಳಿಯಲ್ಲಿ ಸಾಕುಪ್ರಾಣಿ ಚಿಕಿತ್ಸಾಲಯಗಳಿವೆ. ಹೋಗುವ ಮೊದಲು ಫೋನ್ ಮಾಡಿ "ಹ್ಯಾಮ್‌ಸ್ಟರ್ ನೋಡುತ್ತೀರಾ" ಎಂದು ಕೇಳಿ.

ಪ್ರಾಣಿಯ ತೂಕವನ್ನು ಅಕ್ಕಸಾಲಿಗರ ತಕ್ಕಡಿಯಲ್ಲೋ ಅಡುಗೆಯ ಡಿಜಿಟಲ್ ತಕ್ಕಡಿಯಲ್ಲೋ ಗ್ರಾಂ ಲೆಕ್ಕದಲ್ಲಿ ಬರೆದುಕೊಳ್ಳಿ. ಹಚ್ಚಿದ್ದ ಎಲ್ಲ ಎಣ್ಣೆ, ಟ್ಯೂಬುಗಳ ಫೋಟೋ ಇರಲಿ, ಬೈಯುತ್ತಾರೆಂದು ಮುಚ್ಚಿಡಬೇಡಿ. ಬಸ್ಸಿನಲ್ಲಿ ಹೋಗುವುದಾದರೆ ಬೆಳಗಿನ ತಂಪಿನಲ್ಲೇ ಹೊರಡಿ. ಗಾಳಿಯಾಡುವ ಡಬ್ಬಿಯಲ್ಲಿ ಅದರದೇ ಹಳೆಯ ಹಾಸು ಸ್ವಲ್ಪ, ನೀರಿನ ಬದಲು ಒಂದು ಹೋಳು ಸೌತೆಕಾಯಿ. ಊಟ ಬಿಟ್ಟಿದ್ದರೆ, ಗಾಯದಿಂದ ರಕ್ತ ಬರುತ್ತಿದ್ದರೆ, ಬಾಲದ ಬುಡ ಒದ್ದೆಯಾಗಿದ್ದರೆ, ಮುಟ್ಟಿದರೂ ಏಳದಿದ್ದರೆ ನಾಳೆಗೆ ಮುಂದೂಡಬೇಡಿ.

ಗಂಗಾವತಿಯ ತಂದೆ ಮೂರನೆಯ ದಿನ ಮತ್ತೆ ಬರೆದರು. ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು ಶಿಲೀಂಧ್ರ ಎಂದರಂತೆ, ನುಸಿ ಸಿಗಲಿಲ್ಲ. ಹ್ಯಾಮ್‌ಸ್ಟರ್‌ಗೆ ತೂಕ ನೋಡಿ ಹನಿ ಔಷಧ ಶುರುವಾಯಿತು, ಮಗಳಿಗೆ ಚರ್ಮವೈದ್ಯರು ಹಳೆಯ ಟ್ಯೂಬು ನಿಲ್ಲಿಸಿ ಬೇರೆ ಕೊಟ್ಟರು. ಎರಡಕ್ಕೂ ವಾರಗಟ್ಟಲೆ ಹಿಡಿಯುತ್ತದೆ, ಉಂಗುರ ಮಾಸಿದ ಮೇಲೂ ಹೇಳಿದಷ್ಟು ದಿನ ಹಚ್ಚಬೇಕು. ಕೂದಲು ಒಂದು ತಿಂಗಳ ಮೇಲೆ ಮೊಳೆಯತೊಡಗಿತು, ಮೊದಲಿಗಿಂತ ತುಸು ಕಪ್ಪಾಗಿ. ಕಳಿಸಿದ ಹೊಸ ಫೋಟೋದಲ್ಲಿ ಡಬ್ಬಿಯ ಮೇಲೆ ಅಜ್ಜಿಯ ಹಳೆಯ ಸೀರೆಯ ತುಂಡು ಒದ್ದೆ ಮಾಡಿ ಹೊದಿಸಿದ್ದರು.